ಎಂಟಡಿ ಮೊಳ

ಕ್ಷಮಿಸಿಬಿಡು, ಮನಸ್ಸು ಹಗುರಾಗುತ್ತೆ ಎಂದು ನನಗೆ ಬುದ್ಧಿ ಹೇಳಿದವರೆಲ್ಲ ತಮ್ಮ ತಮ್ಮ ಜಮೀನು ಉಳಿಸಿಕೊಂಡವರು. ಅವರ ಮಾತಿಗೆ ನಾನು ತಲೆಯಾಡಿಸಿದ್ದೇನೆ, ಕಾಫಿ ಕೊಟ್ಟು ಕಳಿಸಿದ್ದೇನೆ. ಮನಸ್ಸು ಹಗುರ ಮಾಡಿಕೊಳ್ಳುವ ಆಸೆ ಮಾತ್ರ ನನಗೆ ಯಾವತ್ತೂ ಇರಲಿಲ್ಲ. ಮೊನ್ನೆ ಮೊನ್ನೆಯ ಒಂದು ಬೇಸಿಗೆಯಲ್ಲಿ, ಊರಿನ ಬೋರುಗಳೆಲ್ಲ ಒಂದೊಂದಾಗಿ ಬತ್ತುತ್ತಿದ್ದಾಗ, ಡೀಸೆಲ್ ಪಂಪು ಬಾಡಿಗೆಗೆ ತಂದು ನಮ್ಮ ಗುಂಡಿಯಲ್ಲಿದ್ದ ನೀರನ್ನೆಲ್ಲ ಹಳ್ಳಕ್ಕೆ ಚೆಲ್ಲಿಸಿದವಳು ನಾನು. ಯಾಕೆ ಚೆಲ್ಲಿಸಿದೆ ಎನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ನಂಜನಗೂಡಿನಿಂದ ಹದಿನಾರು ಎಂಬ ಊರಿನ ಕಡೆಗೆ ಹೋಗುವ ಬಸ್ಸು ಹತ್ತಿ, ನಡುವೆ ಇಳಿದು, ಅಲ್ಲಿಂದ ಒಳಗೆ ನಡೆದರೆ ಸಿಗುವ ಊರು ನಮ್ಮದು. ಅಲ್ಲಿ ಅಪ್ಪನಿಗೆ ಸರ್ಕಾರ ಮಂಜೂರು ಮಾಡಿದ ಒಂದು ಎಕರೆ ಇಪ್ಪತ್ತು ಗುಂಟೆ ಇತ್ತು. ನಮ್ಮ ಕೇರಿಯವರಿಗೆ ಹಾಗೆ ಕೊಟ್ಟ ಜಮೀನನ್ನು ಯಾರೂ ಸಲೀಸಾಗಿ ಕೊಂಡುಕೊಳ್ಳುವ ಹಾಗಿಲ್ಲ, ಕಾನೂನು ಅಡ್ಡ ಬರುತ್ತದೆ. ಅಪ್ಪ ಅದನ್ನೇ ದೊಡ್ಡದಾಗಿ ಹೇಳಿಕೊಳ್ಳುತ್ತಿದ್ದ. "ಇದ ಯಾರೂ ಕಿತ್ಕಳಕಾಗಲ್ಲ ಕಣವ್ವ. ನಾನೇ ಕೊಡ್ತೀನಿ ಅಂದ್ರೂ ಆಗಲ್ಲ" ಎನ್ನುತ್ತಿದ್ದ. ಸಾಗುವಳಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಆ ಕವರನ್ನು ಅವ್ವನ ಮದುವೆ ಸೀರೆಯೊಳಗೆ ಇಟ್ಟಿದ್ದ.

ನಮ್ಮ ಹೊಲದ ಪಕ್ಕದ ಐದು ಎಕರೆ ಮೇಲಿನ ಬೀದಿಯ ಒಬ್ಬರದು. ಹಳ್ಳದ ಆಚೆ ದಡದಲ್ಲಿ ಅವರ ಇಟ್ಟಿಗೆ ಗೂಡು ಇತ್ತು, ಹಾಗಾಗಿ ಊರೆಲ್ಲ ಅವರನ್ನು ಗೂಡಿನ ಯಜಮಾನರು ಎನ್ನುತ್ತಿತ್ತು. ಎದುರಿಗೆ ಸಿಕ್ಕರೆ ನಾನೂ ಹಾಗೇ ಕರೆಯುತ್ತೇನೆ. ಬರೆಯುವಾಗ ಯಜಮಾನ ಎಂದಷ್ಟೇ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನ ಮರ್ಯಾದೆ ನನ್ನ ಹತ್ತಿರ ಉಳಿದಿಲ್ಲ.

ನಾನು ನಂಜನಗೂಡಿನಲ್ಲಿ ಪಿಯುಸಿ ಓದುತ್ತಿದ್ದ ವರ್ಷ ಯಜಮಾನ ನಮ್ಮ ಕೇರಿಯ ಬಾಯಿಗೆ ಬಂದು, ಬೇವಿನ ಮರದ ಹತ್ತಿರ ನಿಂತು, ಅಪ್ಪನಿಗೆ ಹೇಳಿ ಕಳಿಸಿದ. ಒಳಗೆ ಬರುವ ರೂಢಿ ಅವರ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅಪ್ಪನ ಹಿಂದೆ ನಾನೂ ಹೋಗಿ ನಿಂತೆ.

"ನೋಡ್ಲಾ, ನಿನ್ನೊಲ ಸುತ್ತಲ ಒಲಕ್ಕಿಂತ ಒಂದ್ ಮೊಳ ಮ್ಯಾಲದೆ. ಹಳ್ಳಕ್ಕೆ ಅಡ್ಡ ಕಟ್ಟುದ್ರೂ ನಿಂಗೆ ನೀರ್ ಅತ್ತಲ್ಲ. ಆ ಒಂದ್ ಮೊಳ ಮಣ್ಣ ನಾನ್ ಎತ್ಕತೀನಿ. ನಿಂಗೆ ಒಲ ಮಟ್ಟ ಆಯ್ತದೆ, ನಂಗೆ ಗೂಡು ನಡೀತದೆ" ಎಂದ.

ಮಾತು ಸುಳ್ಳಾಗಿರಲಿಲ್ಲ. ನಮ್ಮ ಹೊಲ ಎತ್ತರದ್ದೇ. ಪಕ್ಕದವರು ಭತ್ತ ನಾಟಿ ಮಾಡುವಾಗ ನಾವು ಹುರುಳಿ ಚೆಲ್ಲುತ್ತಿದ್ದೆವು. ಅಪ್ಪನಿಗೆ ಸಾಯುವ ಮುಂಚೆ ಒಂದು ಸಲವಾದರೂ ಭತ್ತ ಬೆಳೆಯಬೇಕೆಂಬ ಹಟ. ಒಪ್ಪಿಕೊಂಡ. ಆದರೆ ಎರಡು ಮಾತು ಕೇಳಿದ. ಮೇಲಿನ ಗೇಣು ಮಣ್ಣನ್ನು ಬೇರೆ ರಾಶಿ ಹಾಕಿ, ಕೊನೆಗೆ ವಾಪಸ್ಸು ಹರಡಬೇಕು. ಮತ್ತೆ, ಹೊಲದ ನಡುವೆ ಸಾಕ್ಷಿಗುಡ್ಡೆ ಬಿಡಬೇಕು.

ಮಣ್ಣಿನ ಕೆಲಸ ಮಾಡಿದವರಿಗೆ ಸಾಕ್ಷಿಗುಡ್ಡೆ ಗೊತ್ತು. ಎಷ್ಟು ಆಳ ಅಗೆದರು ಎಂದು ಆಮೇಲೆ ಜಗಳ ಬರಬಾರದಲ್ಲ, ಅದಕ್ಕೆ ಒಂದು ಕಡೆ ಸ್ವಲ್ಪ ನೆಲವನ್ನು ಮುಟ್ಟದೆ ಹಾಗೇ ಬಿಡುತ್ತಾರೆ. ಸುತ್ತ ಅಗೆದಂತೆಲ್ಲ ಅದು ಕಂಬದಂತೆ ಉಳಿಯುತ್ತದೆ. ಅದರ ತಲೆಯ ಮೇಲೆ ಹಳೆಯ ಹುಲ್ಲು ಇದ್ದರೆ ಅದೇ ಹಳೆಯ ನೆಲದ ಮಟ್ಟ. ಬುಡದಿಂದ ತಲೆಯವರೆಗೆ ಅಳೆದರೆ ಅಗೆದ ಆಳ ಸಿಕ್ಕಿತು. ಅಪ್ಪ ಹುಡುಗನಾಗಿದ್ದಾಗ ಕಾಲುವೆ ಕೆಲಸಕ್ಕೆ ಮಣ್ಣು ಹೊತ್ತವನು. ಅವನ ಕೂಲಿಯನ್ನು ಅಳೆದಿದ್ದು ಇಂಥ ಗುಡ್ಡೆಗಳೇ. ಮನುಷ್ಯರನ್ನು ನಂಬದಿದ್ದರೂ ಅಪ್ಪ ಸಾಕ್ಷಿಗುಡ್ಡೆಯನ್ನು ನಂಬುತ್ತಿದ್ದ.

ಆಗ ಅಪ್ಪ ತಾಂಡ್ಯದ ಒಂದು ಕಾರ್ಖಾನೆಯ ಗೇಟು ಕಾಯುತ್ತಿದ್ದ. ಹೊಲಕ್ಕೆ ಹೋಗಲು ಸಿಗುತ್ತಿದ್ದುದು ಭಾನುವಾರ ಒಂದೇ. ಸ್ನಾನ ಮಾಡಿ, ಒಗೆದ ಅಂಗಿ ಹಾಕಿಕೊಂಡು, ಪೂಜೆಗೆ ಹೊರಟವನ ಥರ ಹೋಗುತ್ತಿದ್ದ. ಗುಡ್ಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೊಣಕೈಯನ್ನು ನೆಲಕ್ಕೆ ಊರಿ, ಬೆರಳು ನೆಟ್ಟಗೆ ಮಾಡುತ್ತಿದ್ದ. ಬೆರಳಿನ ತುದಿ ಗುಡ್ಡೆಯ ಹುಲ್ಲಿಗೆ ಸರಿಯಾಗಿ ತಾಗುತ್ತಿತ್ತು. ಒಂದು ಮೊಳ. "ಸರಿ ಅದೆ" ಎಂದು ಎದ್ದು ಬರುತ್ತಿದ್ದ. ಮೂರು ತಿಂಗಳು ಪ್ರತಿ ಭಾನುವಾರ ಹೀಗೇ ನಡೆಯಿತು. ಎರಡು ಸಲ ನಾನೂ ಜೊತೆಗೆ ಹೋಗಿದ್ದೆ.

ಗೂಡಿನ ಲಾರಿಗಳು ಒಂದು ವಾರ ಬರಲಿಲ್ಲ. ಆ ಭಾನುವಾರ ಹೋದರೆ ಸಾಕ್ಷಿಗುಡ್ಡೆಯೂ ಇಲ್ಲ, ಪಕ್ಕಕ್ಕೆ ಹಾಕಿದ್ದ ಮೇಲ್ಮಣ್ಣಿನ ರಾಶಿಯೂ ಇಲ್ಲ. ಅಪ್ಪ ಹಳ್ಳದ ಕಡೆಯ ಬದುವಿನ ಹತ್ತಿರ ಹೋದ. ಮೊದಲು ದಾಟಿ ಓಡಾಡುತ್ತಿದ್ದ ಬದು ಅದು. ಕೈ ಎತ್ತಿ ನಿಂತರೂ ಅದರ ಅಂಚು ಸಿಗಲಿಲ್ಲ. ಎಂಟು ಅಡಿ ಕೆಳಗೆ ನಿಂತಿದ್ದೆವು ನಾವು. ಕಾಲಡಿ ಬರೀ ಮೊರಂ ಕಲ್ಲು.

ಎಂಟಡಿ ಗುಂಡಿ ಕಾಣದಷ್ಟು ಕುರುಡನೇ ನಿಮ್ಮಪ್ಪ ಎಂದು ನನ್ನನ್ನು ಎಷ್ಟೋ ಜನ ಕೇಳಿದ್ದಾರೆ. ಯಜಮಾನ ತನ್ನ ಹೊಲವನ್ನೂ ನಮ್ಮದರ ಜೊತೆಗೇ ಅಗೆಸುತ್ತಿದ್ದ. ಎರಡೂ ಒಟ್ಟಿಗೆ ಇಳಿಯುತ್ತಿದ್ದವು. ರಸ್ತೆಯಿಂದ ಲಾರಿ ಬರಲು ಉದ್ದದ ಇಳಿಜಾರು ಮಾಡಿದ್ದರಿಂದ ನಡೆದು ಹೋದವರಿಗೆ ಕೆಳಗಿಳಿದದ್ದು ಕಾಲಿಗೆ ತಿಳಿಯುತ್ತಿರಲಿಲ್ಲ. ಹಳ್ಳದ ಕಡೆ ಲಂಟಾನ ಪೊದೆ ಬೆಳೆದು ಬದು ಕಾಣುತ್ತಿರಲಿಲ್ಲ. ಇದೆಲ್ಲ ನಿಜ. ಆದರೂ ನಾನೂ ಎರಡು ಸಲ ಅಲ್ಲಿ ನಿಂತಿದ್ದೆ, ಪಿಯುಸಿ ವಿಜ್ಞಾನ ಓದುತ್ತಿದ್ದೆ, ನನಗೂ ಗುಡ್ಡೆ ಕಂಡಿತೇ ಹೊರತು ಗುಂಡಿ ಕಾಣಲಿಲ್ಲ.

ಅಪ್ಪ ಕೇಳಲು ಹೋದಾಗ ಯಜಮಾನ ಟೀ ಅಂಗಡಿಯ ಮುಂದೆ ಹತ್ತು ಜನರ ನಡುವೆ ಕೂತಿದ್ದ. "ಒಂದ್ ಮೊಳ ಅಂದೆ, ಒಂದ್ ಮೊಳಾನೇ ತಗ್ದಿವ್ನಿ. ವಾರ ವಾರ ಇವನೇ ಕೈಯಿಕ್ಕಿ ಅಳ್ದವ್ನೆ. ಇವನ ಮೊಳ ಎಂಟಡಿ ಇದ್ರೆ ನಾನೇನ್ ಮಾಡ್ಲಪ್ಪ?" ಎಂದ. ಹತ್ತು ಜನವೂ ನಕ್ಕರು. ಅಪ್ಪ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ತನ್ನ ಬಲಗೈ ನೋಡಿಕೊಂಡು ವಾಪಸ್ಸು ಬಂದ.

ಅಂದಿನಿಂದ ಅಪ್ಪ ಎಂಟಡಿ ಮೊಳದವನಾದ. ಅವ್ವನ ಜೊತೆ ನಂಜನಗೂಡಿನ ದೇವಸ್ಥಾನದ ಹತ್ತಿರ ಹೂವು ಕೊಳ್ಳಲು ನಿಂತರೆ ಊರಿನ ಯಾರಾದರೂ ಒಬ್ಬ ಸಿಕ್ಕಿ, "ಹೂವ್ನೋಳೇ, ಇವನ ಕೈಲಿ ಅಳಸ್ಬ್ಯಾಡ ಕಣವ್ವ, ನಿನ್ ಬುಟ್ಟಿ ಖಾಲಿ ಆಯ್ತದೆ" ಎನ್ನುತ್ತಿದ್ದ. ಅವ್ವ ಹೂವು ಮುಡಿಯುವುದನ್ನೇ ಬಿಟ್ಟಳು. ಕೊನೆಯ ವರ್ಷಗಳಲ್ಲಿ ಅಪ್ಪ ದರ್ಜಿಯ ಹಳೆಯ ಟೇಪೊಂದನ್ನು ಎಲ್ಲಿಂದಲೋ ತಂದು ಇಟ್ಟುಕೊಂಡಿದ್ದ. ಅದರಿಂದ ತನ್ನ ಕೈ ಅಳೆದುಕೊಳ್ಳುತ್ತಿದ್ದ. ಹದಿನೆಂಟು ಇಂಚು ಬರುತ್ತಿತ್ತು. ಮತ್ತೆ ಅಳೆಯುತ್ತಿದ್ದ.

ಪಹಣಿ ನಮ್ಮ ಹೆಸರಿನಲ್ಲೇ ಇತ್ತು, ಇವತ್ತಿಗೂ ಇದೆ. ಯಜಮಾನ ಒಂದು ಗುಂಟೆಯನ್ನೂ ತನ್ನ ಹೆಸರಿಗೆ ಮಾಡಿಕೊಳ್ಳಲಿಲ್ಲ. ಕಾನೂನು ಜಮೀನು ಮಾರುವುದನ್ನು ತಡೆದಿತ್ತು, ಮಣ್ಣು ಹೊರುವುದನ್ನು ತಡೆದಿರಲಿಲ್ಲ. ನಮ್ಮ ಹೊಲ ಇಟ್ಟಿಗೆಯಾಗಿ ಮೈಸೂರಿನಲ್ಲಿ ಯಾರ್ಯಾರದೋ ಅಡಿಗೆಮನೆಯ ಗೋಡೆಯಾಗಿ ನಿಂತಿದೆ. ಆ ಮೊರಂ ಮೇಲೆ ಅವ್ವ ಎರಡು ವರ್ಷ ರಾಗಿ ಚೆಲ್ಲಿದಳು. ಗೇಣುದ್ದ ಬಂದು ಹಳದಿಯಾಗಿ ಮಲಗಿತು.

ಓದು ಮುಗಿಸಿ ನಾನು ಪರೀಕ್ಷೆ ಬರೆದು ಗುಮಾಸ್ತೆಯಾದೆ. ತಿರುಮಕೂಡಲು ನರಸೀಪುರದಲ್ಲಿ ಕಂದಾಯದ ಕಚೇರಿಯ ಕೆಲಸ. ಬೇರೆ ಇಲಾಖೆ ಸಿಗುತ್ತಿತ್ತು, ಬೇಕೆಂದೇ ಇದನ್ನು ಕೇಳಿಕೊಂಡೆ. ನಾಲ್ಕು ಕಾಗದ ಓದಲು ಬಂದರೆ ಯಜಮಾನನನ್ನು ಯಾವುದಾದರೂ ಒಂದು ಕಾಗದದಲ್ಲಿ ಸಿಕ್ಕಿಸಬಹುದು ಎಂಬ ಆಸೆ. ಹದಿನೈದು ವರ್ಷ ಕಾಗದ ಓದಿದ ಮೇಲೆ ಗೊತ್ತಾಗಿದ್ದು ಇಷ್ಟೇ: ಬಾಯಿಮಾತಿಗೆ ಕಡತ ಇರುವುದಿಲ್ಲ. ಈಗ ಯಾರ ಪಹಣಿಯನ್ನಾದರೂ ಮೊಬೈಲಿನಲ್ಲೇ ನೋಡಬಹುದಲ್ಲ. ಯುಗಾದಿ, ದೀಪಾವಳಿ ದಿನ ನಾನು ಹೋಳಿಗೆ ತಿಂದ ಮೇಲೆ ಅವನದನ್ನು ತೆಗೆದು ನೋಡುತ್ತಿದ್ದೆ. ಏನಾದರೂ ಮಾರಿದ್ದಾನಾ, ಏನಾದರೂ ಕೈತಪ್ಪಿದೆಯಾ ಎಂದು. ಏನೂ ತಪ್ಪಿರುತ್ತಿರಲಿಲ್ಲ. ಬೆಳೆ: ಬಾಳೆ ಎಂದಿರುತ್ತಿತ್ತು.

ಅಪ್ಪ ತೀರಿಹೋಗಿ ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ ವೃದ್ಧಾಪ್ಯ ವೇತನದ ಅರ್ಜಿ ಹಿಡಿದು ಒಬ್ಬಳು ಅಜ್ಜಿ ಬಂದಳು. ಯಾವೂರು, ಏನು ಕೆಲಸ ಮಾಡಿಕೊಂಡಿದ್ದೆ ಎಂದು ಮಾತಿಗೆ ಕೇಳಿದೆ. ಗೂಡುಗಳಲ್ಲಿ ಇಟ್ಟಿಗೆ ಕೊಯ್ಯುತ್ತಿದ್ದೆ, ಮಣ್ಣು ಅಗೀತಿದ್ದೆ ಎಂದಳು. ನಮ್ಮೂರಿನ ಹೆಸರೂ ಹೇಳಿದಳು. ನಾನು ಅಲ್ಲಿಯವಳೇ ಎಂದಾಗ ಅವಳಿಗೆ ಖುಷಿಯಾಯಿತು. ನಾನು ಯಾರ ಮಗಳು ಎಂದು ಅವಳಿಗೆ ತಿಳಿಯದು.

"ಅಲ್ಲೊಬ್ಬ ಬತ್ತಿದ್ದ ಕಣವ್ವ, ಬಾನ್ವಾರ ಬಾನ್ವಾರ ಬಂದು ಕೈಯಿಕ್ಕಿ ಗುಡ್ಡೆ ಅಳೆಯೋನು. ಅವನು ಬತ್ತಾನೆ ಅಂತ ಸನಿವಾರ ಸಂಜೆ ನಾನೂ ನನ್ ಗಂಡಾನೂ ಗುಡ್ಡೆ ತಲೆ ಕುಯ್ಯೋವು. ಮೊದ್ಲು ಹುಲ್ಲ ಬೇರ್ ಸಮೇತ ಬಿಲ್ಲೆ ಥರ ಎತ್ತಿಟ್ಕಳೋದು. ಗುಡ್ಡೆ ತಗ್ಸೋದು. ಮತ್ತೆ ಅದ್ರ ಮ್ಯಾಲೆ ಹುಲ್ಲ ಕೂರ್ಸಿ, ಬಾಡ್ಬಾರ್ದು ಅಂತ ನೀರ್ ಚಿಮುಕ್ಸೋದು. ಒಂದ್ ಮೊಳ ಅಂದ್ರೆ ಒಂದೇ ಮೊಳ ಇರ್ಬೇಕು ಅಂತ ಯಜಮಾನ್ರು ಹೇಳಿದ್ರು."

ಒಳ್ಳೆ ಕೆಲಸಗಾರ್ತಿ ತನ್ನ ಕೈಚಳಕ ಹೇಳಿಕೊಳ್ಳುವ ಹಾಗೆ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅರ್ಜಿಯಲ್ಲಿ ಬಿಟ್ಟುಹೋಗಿದ್ದನ್ನು ನಾನೇ ತುಂಬಿ, ಹೆಬ್ಬೆಟ್ಟು ಒತ್ತಿಸಿಕೊಂಡು, ಚೀಟಿ ಕೊಟ್ಟು ಕಳಿಸಿದೆ. ಆಮೇಲೆ ಹೊರಗೆ ಹೋಗಿ ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡೆ. ಹುಲ್ಲಿಗೆ ನೀರು ಹಾಕಿಸಿದ್ದಾನೆ. ಅಪ್ಪ ಇಪ್ಪತ್ತು ವರ್ಷ ತನ್ನ ಕೈಯನ್ನೇ ಬೈದುಕೊಂಡ, ಇವನು ಹುಲ್ಲು ಬಾಡಬಾರದೆಂದು ನೀರು ಹಾಕಿಸಿದ್ದಾನೆ.

ಆಗ ಅವ್ವ ನನ್ನ ಜೊತೆಗೇ ನರಸೀಪುರದಲ್ಲಿ ಇದ್ದಳು. ಸಂಜೆ ಹೋಗಿ ಹೇಳಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದವಳು ನಿಲ್ಲಿಸಲಿಲ್ಲ. "ನಿಮ್ಮಪ್ಪಂಗೆ ಗೊತ್ತಿರ್ಲಿಲ್ಲ ಅನ್ಕಂಡಿದೀಯಾ? ಮಣ್ಣೊತ್ತೋನ್ ಕಣವ್ವ ಅವನು. ನಾಕನೇ ವಾರಕ್ಕೇ ಗೊತ್ತಾಗಿತ್ತು. ಏನ್ ಕೇಳಾದು ಅವರ್ನ? ಅಳೆಯಾಕೆ ಓಯ್ತಿದ್ದಾಗಲೆಲ್ಲ ಇವತ್ತಾರ ನಿಲ್ಸಿರ್ತಾರೇನೋ ಅಂತ ಓಗಿ ಬರೋನು" ಎಂದಳು. ನಾನು ಆ ಮಾತನ್ನು ನಂಬಲಿಲ್ಲ. ಆ ರಾತ್ರಿ ಉಣ್ಣಲೂ ಇಲ್ಲ. ಈಗ ನಂಬುತ್ತೇನೆ, ನಂಬಿದ ಮೇಲೆ ನನ್ನ ಸಿಟ್ಟು ಕಡಿಮೆಯಾಗುವ ಬದಲು ಎರಡರಷ್ಟಾಗಿದೆ.

ಅಷ್ಟರಲ್ಲಿ ಯಜಮಾನ ಬೇರೆಯೇ ಮನುಷ್ಯನಾಗಿದ್ದ. ಸಿಮೆಂಟ್ ಬ್ಲಾಕು ಬಂದು ಗೂಡು ನಿಂತಿತ್ತು. ತನ್ನ ಹೊಲದ ಗುಂಡಿಗೆ ಕೆರೆಯ ತಳದ ಗೋಡುಮಣ್ಣನ್ನು ಲಾರಿಗಟ್ಟಲೆ ಹೊಡೆಸಿ, ಮಟ್ಟ ಮಾಡಿ, ಬೋರು ಕೊರೆಸಿ ಬಾಳೆ ಹಾಕಿದ. ಗೊಬ್ಬರದಂಗಡಿ ಔಷಧಿ ಹೊಡೆಯುವುದಿಲ್ಲ ಎಂದು ಬೋರ್ಡು ಹಾಕಿಸಿದ. ಪ್ರಗತಿಪರ ರೈತ ಎಂದು ಶಾಲು ಹೊದಿಸಿಕೊಂಡ ಫೋಟೋ ನಮ್ಮ ಕಚೇರಿಗೆ ಬರುವ ಪೇಪರಿನಲ್ಲೂ ಬಂತು. ಶಾಲೆಯ ಮಕ್ಕಳನ್ನು ತೋಟಕ್ಕೆ ಕರೆಸಿ, ಮಣ್ಣು ತಾಯಿ ಇದ್ದ ಹಾಗೆ ಎಂದು ಪಾಠ ಹೇಳುತ್ತಾನೆ ಎಂದು ಚಿಕ್ಕವ್ವ ಹೇಳಿದಳು. ಚಿಕ್ಕವ್ವ ಎಂದರೆ ಅಪ್ಪನ ತಮ್ಮನ ಹೆಂಡತಿ. ಗಂಡನಿಲ್ಲದವಳು, ಕೇರಿಯಲ್ಲೇ ಇದ್ದು ಕೂಲಿನಾಲಿ ಮಾಡಿಕೊಂಡಿದ್ದಳು. ನಮ್ಮ ಗುಂಡಿಯನ್ನು ನೋಡಿಕೊಂಡಿದ್ದವಳೂ ಅವಳೇ. "ತಾಯಿಗೇ ಹಿಂಗ್ ಮಾಡೋನು ಇನ್ನ ಅತ್ತೇಗೆ ಏನ್ ಮಾಡಾನು" ಎಂದು ಅವಳೇ ನಕ್ಕಳು. ಸುತ್ತಲ ನೆಲವೆಲ್ಲ ತುಂಬಿ ಎದ್ದಿತು, ನಮ್ಮದೊಂದೇ ಗುಂಡಿಯಾಗಿ ಉಳಿಯಿತು.

ಮಳೆಯ ಕಥೆಯನ್ನೂ ಹೇಳಬೇಕು. ಭರಣಿ ಬಿದ್ದರೆ ಧರಣಿ ಬೆಳೆ ಎನ್ನುತ್ತಿದ್ದ ಕಾಲ ನಮ್ಮ ಕಡೆ ಮುಗಿದುಹೋಗಿದೆ. ಭರಣಿ, ಕೃತ್ತಿಕೆ ಯಾವುದೂ ಹೇಳಿದ ದಿನಕ್ಕೆ ಬರುವುದಿಲ್ಲ. ಬಂದರೆ ಮೂರು ತಿಂಗಳಿನದು ಮೂರು ದಿನದಲ್ಲಿ ಸುರಿದು ಹೋಗುತ್ತದೆ. ಅಂಥದೇ ಒಂದು ಮಳೆಗೆ, ಹತ್ತು ವರ್ಷದಿಂದ ಒಣಗಿದ್ದ ಹಳ್ಳ ಬದು ಒಡೆದು ನಮ್ಮ ಗುಂಡಿಗೆ ನುಗ್ಗಿತು. ಒಂದೂವರೆ ಎಕರೆ ಹೊಲ ಕೆರೆಯಾಯಿತು. ಮೀನು ಬಂದವು, ನೀರುಕೋಳಿ ಬಂದವು. ಅದರ ಮರುವರ್ಷ ಮಳೆ ಪೂರ್ತಿ ಕೈಕೊಟ್ಟಿತು. ಆ ಬೇಸಿಗೆಗೆ ಸುತ್ತಲಿನ ಬೋರುಗಳೆಲ್ಲ ಗಾಳಿ ಉಗುಳಿದವು. ಮೇಲಿನ ಬೀದಿಗೆ ಟ್ಯಾಂಕರ್ ಬರುವಂತಾಯಿತು. ಯಜಮಾನನ ಬೋರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ತುಂಬು ಕೊಳವೆ ನೀರು ಎತ್ತುತ್ತಿತ್ತು.

"ನಿಮ್ಮ ಗುಂಡಿ ನೀರು ಕಣವ್ವ ಅದು. ಇಲ್ಲಿಂದ ಇಂಗಿ ಅವನ ಬೋರಿಗೆ ಇಳೀತಾ ಅದೆ. ಬೋರು ಕೊರೆಯೋರೇ ಅಂದವ್ರೆ. ಈ ಸಲ ತೋಟದ ತುಂಬ ಗೊನೆ ಬಂದವೆ ಅವನಿಗೆ" ಎಂದು ಚಿಕ್ಕವ್ವ ಫೋನಿನಲ್ಲಿ ಹೇಳಿದಳು.

ನನಗೆ ಆಗ ಬಂದ ಸಿಟ್ಟು ಅಪ್ಪ ಸತ್ತ ದಿನವೂ ಬಂದಿರಲಿಲ್ಲ. ನಮ್ಮ ಮಣ್ಣು ಹೊತ್ತುಕೊಂಡು ಹೋದ, ಸರಿ. ನಮಗೆ ಉಳಿದದ್ದು ಆ ತೂತು ಒಂದೇ. ಆ ತೂತೂ ಅವನ ಬಾಳೆಗೆ ನೀರು ಕುಡಿಸುತ್ತಿದೆ. ಮಾರನೇ ದಿನ ಮೂರು ದಿನದ ರಜೆ ಬರೆದು ಕೊಟ್ಟು, ನರಸೀಪುರದ ಅಂಗಡಿಯಿಂದ ಡೀಸೆಲ್ ಪಂಪು, ಪೈಪು ಬಾಡಿಗೆಗೆ ಹಿಡಿದು, ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಊರಿಗೆ ಹೋದೆ. "ರೊಟ್ಟಿ ಕಟ್ಕಂಡೋಗು" ಎಂದಳು ಅವ್ವ.

ಪೈಪನ್ನು ಹತ್ತಿರದಲ್ಲಿ ಬಿಟ್ಟರೆ ನೀರು ಮತ್ತೆ ಅವನ ಬೋರಿಗೇ ಇಂಗಬಹುದೆಂದು ಉದ್ದಕ್ಕೂ ಎಳೆಸಿ, ತೋಟ ದಾಟಿ ಹಳ್ಳದ ಕೆಳಗಡೆ ಬಂಡೆ ಇರುವ ಜಾಗಕ್ಕೆ ಬಿಡಿಸಿದೆ. ಅಷ್ಟು ಲೆಕ್ಕ ಹಾಕಿದ್ದೆ. ಪಂಪು ಶುರುವಾದಾಗ ಕೇರಿಯ ಜನ ಬದುವಿನ ಮೇಲೆ ಬಂದು ನಿಂತರು. ಯಾರೂ ಬೇಡವೆನ್ನಲಿಲ್ಲ. ಚಿಕ್ಕವ್ವ ಸೆರಗು ಬಿಗಿದು ನನಗಿಂತ ಮುಂದೆ ನಿಂತಿದ್ದಳು. ಡೀಸೆಲ್ ಮುಗಿಯುವ ಮುಂಚೆಯೇ ಕ್ಯಾನು ತಂದು ಸುರಿಯುತ್ತಿದ್ದಳು. ನಾನು ಬದುವಿನ ನೆರಳಲ್ಲಿ ಕೂತು ನೀರು ಇಳಿಯುವುದನ್ನು ನೋಡುತ್ತಿದ್ದೆ. ದಡದ ಮಣ್ಣಿನ ಮೇಲೆ ಒದ್ದೆ ಪಟ್ಟಿ ಗೇಣು ಗೇಣಾಗಿ ಅಗಲವಾಗುತ್ತಾ ಹೋಯಿತು. ಅಷ್ಟು ಸಂತೋಷದಿಂದ ನಾನು ಯಾವ ಸಿನಿಮಾವನ್ನೂ ನೋಡಿಲ್ಲ.

ಎರಡನೇ ದಿನ ಹತ್ತು ಗಂಟೆಯ ಹೊತ್ತಿಗೆ ಯಜಮಾನ ಬಂದ. ಕೋಲು ಊರಿಕೊಂಡು, ಕೇರಿಯ ಬಾಯಲ್ಲಿ ನಿಲ್ಲದೆ, ಕೇರಿಯೊಳಗಿಂದಲೇ ನಡೆದು ಬಂದ. ಎಪ್ಪತ್ತರ ಮೇಲಾಗಿತ್ತು, ಆದರೂ ದನಿ ಹಾಗೇ ಇತ್ತು.

"ಏನವ್ವಾ, ಬರಗಾಲದಲ್ಲಿ ನೀರ ಚೆಲ್ತಾ ಕೂತಿದ್ದೀಯಲ್ಲ, ಪಾಪ ಅಲ್ವಾ?"

"ನಮ್ಮ ಹೊಲ ಯಜಮಾನ್ರೇ. ನೀರು ತೆಗೆದು ರಾಗಿ ಹಾಕ್ತೀನಿ."

"ಈ ಮೊರಂನಲ್ಲಿ ಏನ್ ರಾಗಿ ಬತ್ತದೆ?"

"ಯಾಕೆ ಬರಲ್ಲ ಅಂತ ನಿಮಗೇ ಗೊತ್ತಲ್ಲ."

ಅವನು ಬದುವಿನ ಮೇಲೆ, ನನ್ನಿಂದ ಎರಡು ಮಾರು ದೂರ, ಕೂತುಕೊಂಡ. ಕೇರಿಯವರ ಜೊತೆ ಅವನು ನೆಲದ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಇನ್ನೊಂದ್ ತಿಂಗ್ಳು ನೀರ್ ಬೇಕು ನನ್ ಬಾಳೆಗೆ. ಗೊನೆ ಬಲೀಬೇಕು. ಅಲ್ಲೀಗಂಟ ಬುಡು. ಗೊನೆ ಕಡ್ದ ಮ್ಯಾಲೆ ಕೆರೆ ಗೋಡುಮಣ್ಣ ತುಂಬ್ಸಿ ನಿನ್ ಗುಂಡಿ ಮುಚ್ಚಿಸ್ಕೊಡ್ತೀನಿ. ನಂದು ಎಂಗ್ ಮುಚ್ಚಿಸ್ದೆ ನೋಡಿದೀಯಲ್ಲ, ಅಂಗೇ. ನಿಂಗೆ ಒಲ ಆಯ್ತದೆ."

ಚಿಕ್ಕವ್ವ ನನ್ನ ಮುಖ ನೋಡಿದಳು. ಬದುವಿನ ಮೇಲೆ ನಿಂತವರೂ ನೋಡಿದರು. ಒಂದೂವರೆ ಎಕರೆ ಕಪ್ಪು ಗೋಡುಮಣ್ಣು. ಅಪ್ಪ ಬೆಳೆಯಬೇಕೆಂದಿದ್ದ ಭತ್ತ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನಿಸಲಿಲ್ಲ, ಅದೇ ಕಷ್ಟವಾಗಿದ್ದು. ವಯಸ್ಸಾಗಿತ್ತು, ಲಾರಿ ಕಳಿಸುವ ತಾಕತ್ತಿತ್ತು, ಹತ್ತು ಜನರ ಎದುರು ಹೇಳುತ್ತಿದ್ದ. ಕೊಟ್ಟರೂ ಕೊಡುತ್ತಿದ್ದನೇನೋ.

"ಮೊದಲು ಸಾಕ್ಷಿಗುಡ್ಡೆಗೆ ಏನು ಮಾಡಿಸಿದಿರಿ ಹೇಳಿ" ಎಂದೆ. "ಎಲ್ಲರ ಮುಂದೆ ಹೇಳಿ."

ಇಪ್ಪತ್ತೈದು ವರ್ಷ ನಾನು ಈ ಪ್ರಶ್ನೆಯನ್ನು ಮನಸ್ಸಿನಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ, ಕಚೇರಿಯಲ್ಲಿ, ಬಟ್ಟೆ ಒಗೆಯುವಾಗ. ನನ್ನ ಮನಸ್ಸಿನಲ್ಲಿ ಅವನು ತಡವರಿಸುತ್ತಿದ್ದ, ತಲೆ ತಗ್ಗಿಸುತ್ತಿದ್ದ, ಒಂದೊಂದು ಸಲ ಅಳುತ್ತಲೂ ಇದ್ದ. ನಿಜದಲ್ಲಿ ಅವನು ಕಂಡಕ್ಟರಿಗೆ ಇಳಿಯುವ ಊರು ಹೇಳುವಷ್ಟು ಸಲೀಸಾಗಿ ಹೇಳಿದ.

"ಉಂ ಕಣವ್ವ, ತಲೆ ಕುಯ್ಸಿದ್ದೆ. ಗೂಡಿಗೆ ಮಣ್ ಬೇಕಿತ್ತು, ಕುಯ್ಸಿದ್ದೆ. ಆಗ ಎಲ್ಲ ಗೂಡಿನೋರೂ ಅಂಗೇ ಮಾಡೋರು. ಈಗ ಪಂಪು ನಿಲ್ಸು."

"ನಮ್ಮಪ್ಪನ ಮೊಳ ಎಷ್ಟಿತ್ತು?"

"ಎಲ್ಲರಂಗೆ. ಒಂದೂವರೆ ಅಡಿ."

ಅಷ್ಟೇ. ಅಪ್ಪ ಸತ್ತು ಬೂದಿಯಾದ ಮೇಲೆ, ಒಂದು ತಿಂಗಳ ನೀರಿಗಾಗಿ, ಬಾಯಿಂದ ಉದುರಿದ ಮಾತು. ಅದನ್ನು ಹೇಳಲು ಅವನಿಗೆ ಏನೂ ಕಷ್ಟವಾಗಲಿಲ್ಲ. ಟೀ ಅಂಗಡಿಯಲ್ಲಿ ಜೋಕು ಹೇಳಿದಾಗ ಎಷ್ಟು ಸುಲಭವಾಗಿತ್ತೋ ಅಷ್ಟೇ ಸುಲಭವಾಗಿತ್ತು. ಇದಕ್ಕೆ ನಾನು ಇಪ್ಪತ್ತೈದು ವರ್ಷ ಕಾದಿದ್ದೆನಾ ಎಂದು ನನ್ನ ಮೇಲೇ ಅಸಹ್ಯವಾಯಿತು.

"ಚಿಕ್ಕವ್ವ, ಡೀಸೆಲ್ ಹಾಕು" ಎಂದೆ.

ಯಜಮಾನ ಕೋಲು ಊರಿ ಎದ್ದು, ಪಂಚೆಯ ಹಿಂಬದಿ ಕೊಡವಿಕೊಂಡು ಹೊರಟ. ಮೂರನೇ ದಿನ ಮಧ್ಯಾಹ್ನಕ್ಕೆ ತಳ ಕಂಡಿತು. ಕೇರಿಯವರು ಕೆಸರಿಗೆ ಇಳಿದು ಮೀನು ಹಿಡಿದರು. ಆ ಸಂಜೆ ಎಲ್ಲ ಮನೆಯಲ್ಲೂ ಮೀನಿನ ಸಾರು. ನಾನೂ ಚಿಕ್ಕವ್ವನ ಮನೆಯಲ್ಲಿ ಎರಡು ಮುದ್ದೆ ಉಂಡೆ.

ಗುಂಡಿ ಬರಿದಾದ ಹನ್ನೆರಡನೇ ದಿನ ಯಜಮಾನನ ಬೋರು ನಿಂತಿತೆಂದು ಚಿಕ್ಕವ್ವ ಫೋನು ಮಾಡಿದಳು. ಟ್ಯಾಂಕರಿನಲ್ಲಿ ಐದು ಎಕರೆ ಬಾಳೆ ಉಳಿಸಲು ಯಾರಿಂದಲೂ ಆಗದು. ನಾನು ಮುಂದಿನ ಭಾನುವಾರ ನೋಡಲು ಹೋದೆ. ನೋಡಲಿಕ್ಕೆಂದೇ ಹೋದೆ, ಬೇರೆ ಕೆಲಸವಿರಲಿಲ್ಲ. ಎಲೆಗಳು ಸುಟ್ಟು ಜೋತುಬಿದ್ದಿದ್ದವು. ಬಲಿಯದ ಗೊನೆಯ ಭಾರಕ್ಕೆ ಗಿಡಗಳು ಸೊಂಟ ಮುರಿದು ಸಾಲು ಸಾಲಾಗಿ ಮಲಗಿದ್ದವು. ಬೇಲಿಯ ಹೊರಗೆ ನಿಂತು ಕಣ್ತುಂಬ ನೋಡಿದೆ. ಹೊಟ್ಟೆ ತಣ್ಣಗಾಯಿತು. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಅಲ್ಲಿಂದ ಕೇರಿಗೆ ಬಂದೆ. ಕೇರಿಯ ಕೈಪಂಪಿನ ಸುತ್ತ ಕೊಡಗಳು ಖಾಲಿ ಕೂತಿದ್ದವು. ಒಬ್ಬಳು ಹಿಡಿ ಹಿಡಿದು ಒತ್ತುತ್ತಿದ್ದಳು, ಒಳಗಿಂದ ಬರೀ ಗಾಳಿಯ ಸದ್ದು. ಮೂವತ್ತು ವರ್ಷದಲ್ಲಿ ಒಂದು ಸಲವೂ ಬತ್ತದ ಪಂಪು ಅದು. ನಮ್ಮ ಗುಂಡಿಗೂ ಅದಕ್ಕೂ ಇನ್ನೂರು ಹೆಜ್ಜೆ. ಒಬ್ಬಳೂ ನನಗೆ ಒಂದು ಮಾತು ಅನ್ನಲಿಲ್ಲ. ಚೆನ್ನಾಗಿದ್ದೀಯೇನವ್ವ, ಅವ್ವ ಹೆಂಗವ್ರೆ ಎಂದು ಕೇಳಿದರು. ಕೊಡ ಎತ್ತಿಕೊಂಡು ಎರಡು ಮೈಲಿ ಆಚೆಯ ಕಾಲುವೆಯ ಕಡೆ ಹೊರಟರು.

ಚಿಕ್ಕವ್ವ ಜಗಲಿಯ ಮೇಲೆ ಕೂತು ಪಾದಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಅವತ್ತು ಅವಳು ಎರಡು ಸಲ ಹೋಗಿ ಬಂದಿದ್ದಳು.

"ಕೈಪಂಪು ನಿಂತೋಗುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಚಿಕ್ಕವ್ವ" ಎಂದೆ.

"ನಂಗೆ ಗೊತ್ತಿತ್ತು" ಎಂದಳು. "ಗುಂಡಿ ತುಂಬ್ದಾಗಿಂದ ಪಂಪಲ್ಲಿ ನೀರು ಮ್ಯಾಲೆ ಬಂದಿತ್ತಲ್ಲ, ಎಲ್ರಿಗೂ ಗೊತ್ತಿತ್ತು."

"ಮತ್ತೆ ಹೇಳಬಾರದಿತ್ತಾ?"

ಚಿಕ್ಕವ್ವ ಇನ್ನೊಂದು ಪಾದವನ್ನು ಮಡಿಲಿಗೆ ಎಳೆದುಕೊಂಡಳು. "ಯೋಳಿದ್ರೆ ನೀನ್ ನಿಲ್ಲುಸ್ತಿದ್ದೆ. ನೀರ್ ಒತ್ಕಂಡ್ರೆ ಯಾರೂ ಸಾಯಕ್ಕಿಲ್ಲ ಕಣವ್ವ. ಅವನ್ ತೋಟ ಮಲಗೋದ ನೋಡ್ದೆ ಓಗ್ಬಿಡ್ತೀನೇನೋ ಅಂತ ನಂಗೆ ಬಯ ಇತ್ತು."

ಹೊರಡುವಾಗ ಚೆಂಬಿನಲ್ಲಿ ಕುಡಿಯಲು ನೀರು ಕೊಟ್ಟಳು, ಕಾಲುವೆಯದು, ತಳದಲ್ಲಿ ಮಣ್ಣು ಕೂತಿತ್ತು. ಅರ್ಧ ಕುಡಿದು, ಅರ್ಧ ಉಳಿಸಿ ಇಟ್ಟೆ. ಸಂಜೆಯ ಬಸ್ಸು ಹತ್ತಿ ನರಸೀಪುರಕ್ಕೆ, ನಲ್ಲಿಯಲ್ಲಿ ಎರಡು ಹೊತ್ತು ನೀರು ಬರುವ ನನ್ನ ಮನೆಗೆ ಬಂದೆ.